ಸಮುದಾಯ ಭವನದ ನಡುಗೋಡೆ

ಕಂತು ಆರು

ಏಣಿಯ ಏಳನೇ ಮೆಟ್ಟಿಲಲ್ಲಿ ರತ್ನಮಾಲಾಳ ಬಲಮೊಣಕಾಲು ಮುಂದಕ್ಕೆ ಬರಲು ಒಪ್ಪಲಿಲ್ಲ.

"ಇಳೀರಿ ಅಕ್ಕಾರ. ಬೇಕಾದ್ರ ನಾನ ಮ್ಯಾಲೆ ಹೋಗಿ ಫೋಟೋ ಹೊಡಕೊಂಡು ಬರ್ತೀನಿ," ಕೆಳಗೆ ಏಣಿ ಹಿಡಿದಿದ್ದ ಗೌಂಡಿ ಲಕ್ಷ್ಮಣ ಹೇಳಿದ.

"ಫೋಟೋ ನನ್ನ ಹಂತೇಕ ಮೂವತ್ತೆರಡು ಅದಾವು. ನೋಡಿ ನೋಡಿ ಸಾಕಾಗೇತಿ. ನೀ ಏಣಿ ಬಿಡಬ್ಯಾಡ."

ಒಂದು ಕೈಯಲ್ಲಿ ಏಣಿ ಹಿಡಿದು, ಇನ್ನೊಂದು ಕೈಯಿಂದ ತನ್ನ ಕಾಲನ್ನೇ ಎತ್ತಿ ಮುಂದಿನ ಮೆಟ್ಟಿಲ ಮೇಲಿಟ್ಟಳು. ಪೊಲೀಸ್ ಇಲಾಖೆಯಿಂದ ಎಎಸ್‌ಐ ಆಗಿ ನಿವೃತ್ತಳಾಗಿ ಎರಡು ವರ್ಷವಾಗಿತ್ತು. ಪಿಂಚಣಿ ಇತ್ತು, ಬೆಳಗಾವಿಯ ರಾಮತೀರ್ಥ ನಗರದಲ್ಲಿ ಎರಡು ಕೋಣೆಯ ಮನೆ ಇತ್ತು. ಸುಮ್ಮನೆ ಕೂರುವ ರೂಢಿ ಮಾತ್ರ ಇರಲಿಲ್ಲ. ವಕೀಲರು ಕಳಿಸಿದ ಕೇಸುಗಳನ್ನು ವಿಚಾರಿಸಿಕೊಡುತ್ತಿದ್ದಳು. ಪ್ರತಿ ಕೇಸಿಗೂ ಇದೇ ಕೊನೆಯದು ಎಂದುಕೊಳ್ಳುತ್ತಿದ್ದಳು.

ಈ ಕೇಸು ಕೇಳುವುದಕ್ಕೆ ಸರಳವಾಗಿತ್ತು. ಹತ್ತು ವಾರದ ಹಿಂದೆ, ಖಾನಾಪುರ ತಾಲೂಕಿನ ಈ ನೀರಲಕೊಪ್ಪದಲ್ಲಿ ಸಮುದಾಯ ಭವನದ ಅರ್ಧ ಸ್ಲ್ಯಾಬು ಕುಸಿದು ಕಸ ಗುಡಿಸುವ ಮಾಯಕ್ಕ ಸತ್ತಿದ್ದಳು. ಅದೇ ಸ್ಲ್ಯಾಬಿನ ದುರಸ್ತಿಗೆ ಬಂದಿದ್ದ ಅನುದಾನವನ್ನು ತಿಂದು ಸುಳ್ಳು ಅಳತೆ ಬರೆದನೆಂದು ಕಿರಿಯ ಎಂಜಿನಿಯರ್ ಶ್ರೇಣಿಕ ಜೈಲಿನಲ್ಲಿದ್ದ. ಅವನು ಪೊಲೀಸರ ಮುಂದೆ ಬಾಯಿ ಬಿಟ್ಟಿರಲಿಲ್ಲ, ವಕೀಲರ ಮುಂದೆಯೂ ಬಿಟ್ಟಿರಲಿಲ್ಲ. ಅವನ ಹೆಂಡತಿ ಅನುಜಾ ಒಂದು ಮಧ್ಯಾಹ್ನ ರತ್ನಮಾಲಾಳ ಮನೆಗೆ ಬಂದು, "ಅವರು ತಿಂದಿಲ್ರಿ ಅಕ್ಕಾ," ಎಂದಿದ್ದಳು.

ಹೆಂಡಂದಿರೆಲ್ಲ ಹಾಗೇ ಹೇಳುತ್ತಾರೆ. ಆದರೆ ಅನುಜಾ ಅಳದೆ ಹೇಳಿದ್ದಳು. ಅದೊಂದಕ್ಕೇ ರತ್ನಮಾಲಾ ಒಪ್ಪಿಕೊಂಡಿದ್ದಳು.

ಉಳಿದರ್ಧ ಸ್ಲ್ಯಾಬಿನ ಮೇಲೆ ಕಾಲಿಟ್ಟಾಗ ಅವಳಿಗೆ ಮೊದಲು ಕಂಡದ್ದು ಇಳಿಜಾರು. ಮೊನ್ನೆಯವರೆಗೂ ಮಳೆ ಹಿಡಿದಿತ್ತು. ಆದರೂ ಮೇಲೆ ಒಂದು ಬೊಗಸೆ ನೀರು ನಿಂತಿರಲಿಲ್ಲ. ಎಲ್ಲ ನೀರೂ ಮೂಲೆಯ ಕೊಳವೆಯ ಕಡೆಗೆ ಹರಿದುಹೋದ ಗುರುತಿತ್ತು. ಅವಳು ಕೂತು, ಪರ್ಸಿನಿಂದ ಮನೆಯ ಚಾವಿ ತೆಗೆದು ಸಿಮೆಂಟಿನ ಗಿಲಾವನ್ನು ಕೆರೆದಳು. ಪುಡಿ ಬರಲಿಲ್ಲ. ಚಾವಿಯ ತುದಿಯೇ ಸವೆಯಿತು.

"ಲಕ್ಷ್ಮಣ, ಇದನ್ನ ಮಾಡಿದ್ದು ನೀನ ಏನು?"

"ನಾನ ರೀ."

"ಕೆಲಸ ಖರೇ ಮಾಡೀಯಲ್ಲ!"

ಕೆಳಗಿನಿಂದ ಬೇಸರದ ದನಿ ಬಂತು. "ಶ್ರೇಣಿಕ ಸಾಹೇಬ್ರು ಬಿಡ್ತಿದ್ರೇನ್ರಿ? ಒಮ್ಮೆ ಹಾಕಿದ್ದನ್ನ ಕಿತ್ತಿಸಿ ಮತ್ತೊಮ್ಮೆ ಹಾಕಿಸಿದ್ರು. ಸುತ್ತ ಒಡ್ಡು ಕಟ್ಟಿ ಏಳು ದಿನ ನೀರು ನಿಲ್ಲಿಸಿ ನೋಡಿದ್ರು. ಹನಿ ಸೋರಲಿಲ್ಲ."

"ಇದನ್ನ ಪೊಲೀಸರ ಮುಂದ ಯಾಕ ಹೇಳಲಿಲ್ಲ?"

"ಕೇಳಿದ್ರ ಹೇಳ್ತಿದ್ದೆ."

ಕೇಳುವ ಅಗತ್ಯ ಯಾರಿಗೆ ಬಿದ್ದಿತ್ತು! ದುರಸ್ತಿಗೆ ಅನುದಾನ ಬಂದಿದೆ, ಸ್ಲ್ಯಾಬು ಬಿದ್ದಿದೆ, ಎಂಜಿನಿಯರನ ಸಹಿ ಇದೆ. ಊರಿನವರೂ ಪೊಲೀಸರೂ ಪತ್ರಿಕೆಯವರೂ ಒಂದೇ ಮಾತಿನಲ್ಲಿ ಮುಗಿಸಿದ್ದರು. ಖರೇ ಹೇಳಬೇಕೆಂದರೆ ಅವಳೂ ಮೂರು ವಾರ ಹಾಗೇ ನಂಬಿಕೊಂಡು ಓಡಾಡಿದ್ದಳು.

ಇಳಿಯುವಾಗ ಮೊಣಕಾಲು ಇನ್ನಷ್ಟು ನೋಯಿತು.

ಭವನದ ಮುಂದೆ ಒಡೆದ ಕಾಂಕ್ರೀಟಿನ ರಾಶಿ ಹಾಗೇ ಬಿದ್ದಿತ್ತು. ಮುಟ್ಟಬಾರದೆಂದು ಪೊಲೀಸರು ಕಟ್ಟಿದ್ದ ಪಟ್ಟಿ ಮಳೆಗೆ ಹರಿದು ಜೋತಾಡುತ್ತಿತ್ತು. ಗೋಡೆಯ ಮೇಲೆ ಕಾಮಗಾರಿಯ ಹೆಸರು, ಅನುದಾನದ ಮೊತ್ತ, ಮುಗಿದ ದಿನಾಂಕ ಎಲ್ಲವನ್ನೂ ಹಳದಿ ಬಣ್ಣದಲ್ಲಿ ಬರೆದಿದ್ದ ಚೌಕ ಮಾತ್ರ ಹೊಸದರಂತಿತ್ತು.

ರತ್ನಮಾಲಾ ಬೆಳಿಗ್ಗೆಯಿಂದ ಆ ರಾಶಿಯನ್ನು ಎರಡು ಸಲ ಸುತ್ತಿದ್ದಳು. ಏನೋ ಸರಿಯಿಲ್ಲ ಎನ್ನಿಸುತ್ತಿತ್ತು, ಏನೆಂದು ಹೊಳೆಯುತ್ತಿರಲಿಲ್ಲ. ಈಗ ಫೈಲಿನಿಂದ ಕೊನೆಯ ಫೋಟೋ ತೆಗೆದಳು. ಮಾರ್ಚಿನಲ್ಲಿ ಕೆಲಸ ಮುಗಿದ ದಿನ ತೆಗೆದದ್ದು. ಅಂಗನವಾಡಿಯ ಏಳೆಂಟು ಮಕ್ಕಳು ಸಾಲಾಗಿ ಕೂತಿದ್ದರು. ಅವರ ಬೆನ್ನ ಹಿಂದೆ ಒಂದು ಗೋಡೆ. ಗೋಡೆಯ ಮೇಲೆ ಅ ಆ ಇ ಈ, ಒಂದು ಗಿಳಿ, ಒಂದು ಆನೆ.

ಅವಳು ಭವನದ ಒಳಗೆ ಕಣ್ಣಾಡಿಸಿದಳು. ನಿಂತಿದ್ದ ನಾಲ್ಕು ಗೋಡೆಗಳಲ್ಲಿ ಎಲ್ಲೂ ಅಕ್ಷರ ಇರಲಿಲ್ಲ. ಗಿಳಿಯೂ ಇರಲಿಲ್ಲ, ಆನೆಯೂ ಇರಲಿಲ್ಲ.

ಮತ್ತೆ ರಾಶಿಯ ಕಡೆ ತಿರುಗಿದಳು. ಕಾಂಕ್ರೀಟು, ಬಾಗಿದ ಕಬ್ಬಿಣದ ಸಳಿ, ಮತ್ತೆ ಕಾಂಕ್ರೀಟು. ಇಟ್ಟಿಗೆ ಒಂದೂ ಇಲ್ಲ.

"ಲಕ್ಷ್ಮಣ, ಇಲ್ಲೆ ನಡುವ ಒಂದು ಗೋಡಿ ಇತ್ತಲ್ಲ?"

ಲಕ್ಷ್ಮಣ ಏಣಿಯನ್ನು ಹೆಗಲಿಗೇರಿಸಿಕೊಳ್ಳುತ್ತಿದ್ದವನು ಅಲ್ಲಿಗೇ ನಿಂತ. ರಸ್ತೆಯಾಚೆಯ ಹಾಲಿನ ಡೇರಿಯ ಕಡೆ ಒಮ್ಮೆ ನೋಡಿದ.

"ನಾ ಕೆಲಸ ಮುಗಿಸಿ ಹೋಗೂಮುಂದ ಇತ್ರಿ."

"ಆಮ್ಯಾಲೆ?"

"ಮೇ ತಿಂಗಳದಾಗ ಊಟಕ್ಕ ಬಂದಾಗ ಇರಲಿಲ್ಲ."

"ಸ್ಲ್ಯಾಬ್ ಆ ಗೋಡಿ ಮ್ಯಾಲೆ ನಿಂತಿತ್ತು. ಹೌದಲ್ಲೊ?"

"ಹೌದ್ರಿ."

"ಅದು ನಿನಗ ಗೊತ್ತಿತ್ತು. ಗೊತ್ತಿದ್ದೂ ಅದರ ಕೆಳಗ ಕುಂತು ಉಂಡಿ?"

ಲಕ್ಷ್ಮಣನ ಕಣ್ಣು ನೆಲಕ್ಕಿಳಿಯಿತು. "ಊರಿಗೆ ಊರೇ ಉಂಡೈತ್ರಿ ಅಕ್ಕಾರ. ನಾ ಒಬ್ಬಾವ ಎಲಿ ಮುಂದಿಂದ ಎದ್ದು ಏನಂತ ಹೇಳ್ಲಿ? ನಾಗಲಿಂಗಣ್ಣನ ಮಗಳ ಮದವಿ."

ರತ್ನಮಾಲಾ ಒಳಗೆ ಬಗ್ಗಿ ನೋಡಿದಳು. ನೆಲದಲ್ಲಿ ಆ ಕಡೆಯಿಂದ ಈ ಕಡೆಗೆ ಒಂದು ಗೇಣು ಅಗಲದ ಸಿಮೆಂಟಿನ ಪಟ್ಟಿ ಇತ್ತು. ಸುತ್ತಲಿನ ನೆಲಕ್ಕಿಂತ ಅದರ ಬಣ್ಣ ತೆಳು. ಕಸ ಸರಿಸಿ ನೋಡಿದವರಿಗೆ ಮಾತ್ರ ಕಾಣುವಂಥದು.

ಮುನ್ನೂರು ಜನ ಆ ಪಟ್ಟಿಯ ಆಚೀಚೆ ಎಲೆ ಹಾಕಿಕೊಂಡು ಕೂತಿದ್ದಾರೆ ಎಂದು ಲೆಕ್ಕ ಹಾಕಿದಾಗ ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಎಲ್ಲಾದರೂ ಕುಳಿತುಕೊಳ್ಳಬೇಕು ಅನ್ನಿಸಿತು, ಅಷ್ಟೆ.

ನಾಗಲಿಂಗ ಡೇರಿಯ ಕಟ್ಟೆಯ ಮೇಲೆ ಕೂತಿದ್ದ. ಐವತ್ತೈದರ ಆಸುಪಾಸು. ಅಪ್ಪನ ಕಾಲಕ್ಕೆ ಕುರಿ, ಇವನ ಕಾಲಕ್ಕೆ ಟ್ರ್ಯಾಕ್ಟರು. ಹೋದ ಸಲ ಪಂಚಾಯಿತಿ ಮೆಂಬರ್ ಆಗಿದ್ದ. ಅವಳು ರಸ್ತೆ ದಾಟಿ ಬರುವುದನ್ನು ನೋಡುತ್ತಲೇ ಇದ್ದ. ಏಳಲಿಲ್ಲ.

"ಬರ್ರಿ ಮೇಡಂ, ಕುಂದರ್ರಿ. ಕಾಲು ನೋಸ್ತಾವೇನ್ರಿ?"

"ನೋಸ್ತಾವು." ಅವಳು ಕೂತು, ಫೋಟೋವನ್ನು ಇಬ್ಬರ ನಡುವೆ ಕಟ್ಟೆಯ ಮೇಲಿಟ್ಟಳು. "ಈ ಆನಿ ಎಲ್ಲಿ ಹೋತು ನಾಗಲಿಂಗಣ್ಣ?"

ನಾಗಲಿಂಗ ಫೋಟೋ ಮುಟ್ಟಲಿಲ್ಲ. ಬಗ್ಗಿ ನೋಡಿದ. ಡೇರಿಯ ಒಳಗೆ ಯಾರೋ ಕ್ಯಾನು ತೊಳೆಯುತ್ತಿದ್ದರು.

"ನಮ್ಮ ಹೊಲದ ದಾರ್ಯಾಗ ಐತ್ರಿ," ಎಂದ. "ಕೆಸರಾಗ್ತಿತ್ತಂತ ಇಟ್ಟಿಗಿ ಎಲ್ಲಾ ಅಲ್ಲೆ ಹಾಕಿಸಿದ್ನಿ."

ಅವನು ಇಷ್ಟು ಬೇಗ ಒಪ್ಪುತ್ತಾನೆಂದು ಅವಳು ಎಣಿಸಿರಲಿಲ್ಲ. ಕೇಳಬೇಕೆಂದು ಸಾಲಾಗಿ ಇಟ್ಟುಕೊಂಡಿದ್ದ ಪ್ರಶ್ನೆಗಳು ಕೆಲಸಕ್ಕೆ ಬಾರದೆ ಹೋದವು.

"ಯಾಕ ಒಡಿಸಿದ್ರಿ?"

"ಮನಿಷಾನ ಮದವಿ ಮೇಡಂ. ಖಾನಾಪುರದಾಗ ಹಾಲ್ ಕೇಳಿದ್ನಿ, ನನ್ನ ಕೈಲೆ ಆಗೂದಲ್ಲ ಅದು. ಇಲ್ಲೆ ಮಾಡೂಣು ಅಂದ್ರ ಪಂಕ್ತಿ ಹಿಡಿಯೂದಿಲ್ಲ, ನಡುವ ಗೋಡಿ. ಅರ್ಧ ಇಟ್ಟಿಗಿ ಗೋಡಿ, ಅಂಗನವಾಡಿ ಹುಡುಗೂರಿಗೆ ಅಡ್ಡ ಹಾಕ್ಯಾರ ಅಂತ ತಿಳಕೊಂಡಿದ್ನಿ. ಒಡದು ನೋಡಿದ್ರ ಒಂಬತ್ತು ಇಂಚಿಂದು, ಭಾರ ಹೊರೂ ಗೋಡಿ. ಅಷ್ಟೊತ್ತಿಗೆ ಅರ್ಧ ಒಡದಾಗಿತ್ತು."

"ಅಲ್ಲೇ ನಿಲ್ಲಿಸಬೇಕಿತ್ತು."

"ಲಗ್ನಪತ್ರಿಕಿ ಹಂಚಿದ್ವಿರಿ."

ಅವನು ಅದನ್ನು ಸಮಜಾಯಿಷಿಯಂತೆ ಹೇಳಲಿಲ್ಲ. ಆದದ್ದನ್ನು ಆದ ಹಾಗೆ ಹೇಳಿದ.

"ಈ ರಿಪೇರಿ ತರಾಕ ಏಳು ವರ್ಷ ಅಡ್ಡಾಡೇನಿ ಮೇಡಂ. ಹೊಸಾದು ಕಟ್ತೀವಿ ಅಂದ್ರ ಎಲ್ಲಾರೂ ಹಾರ ಹಾಕ್ಕೊಂಡು ಬರ್ತಾರ. ಇದ್ದದ್ದು ಸೋರಾಕತ್ತೈತಿ ಅಂದ್ರ ಯಾರೂ ಹೊಳ್ಳಿ ನೋಡೂದಿಲ್ಲ. ಶ್ರೇಣಿಕ ಸಾಹೇಬ್ರು ಬಂದ ಮ್ಯಾಲೆ ಒಂದ ವರ್ಷದಾಗ ಮಂಜೂರ ಆತು. ನಾನ ತಂದ್ನಿ. ನಾನ ಕೆಡವಿದ್ನಿ."

"ನೀವು ಹೊರಗ, ಅವರು ಜೈಲಿನ್ಯಾಗ."

"ದಿನಾ ಇಲ್ಲೇ ಕುಂದರ್ತೀನ್ರಿ. ಇವತ್ತ ಜೀಪ್ ಬರತೈತಿ, ನಾಳೆ ಬರತೈತಿ ಅಂತ. ಅವರು ನನ್ನ ಹೆಸರು ಯಾಕ ಹೇಳವಲ್ರು? ನೀವರ ಹೇಳ್ರಿ."

ಅದೇ ಪ್ರಶ್ನೆ ಅವಳದೂ ಆಗಿತ್ತು. "ಗೋಡಿ ಒಡದದ್ದು ಅವರಿಗೆ ಯಾವಾಗ ತಿಳೀತು?"

"ಮದವಿ ಆಗಿ ಮೂರನೇ ದಿನ ಬಂದ್ರು. ಒಳಗ ನೋಡಿ ತಲಿಮ್ಯಾಲೆ ಕೈ ಹೊತ್ತು ಕುಂತ್ರು. ನನಗ ಬೈಲಿಲ್ರಿ. ಬೈದಿದ್ರ ಛಲೋ ಇತ್ತು. ಅಂಗನವಾಡಿ ಹುಡುಗೂರನ್ನ ಅವತ್ತ ಗಿಡದ ಬುಡಕ ಕಳಿಸಿದ್ರು. ಖಾನಾಪುರದಿಂದ ಒಂದು ದೊಡ್ಡ ಕೀಲಿ ತಂದು ಜಡದ್ರು. ಎರಡೂ ಚಾವಿ ತಮ್ಮ ಹಂತೇಕ ಇಟ್ಕೊಂಡ್ರು. ಯಾರೂ ಒಳಗ ಕಾಲಿಡಬಾರದು, ಪತ್ರ ಬರದೀನಿ ಅಂದ್ರು."

"ಯಾರಿಗೆ ಬರದ್ರು?"

"ಅದು ನನಗ ತಿಳೀದು."

ಫೈಲಿನಲ್ಲಿ ಅಂಥ ಪತ್ರ ಇರಲಿಲ್ಲ. ಇದ್ದಿದ್ದರೆ ಶ್ರೇಣಿಕ ಒಂದು ದಿನವೂ ಜೈಲಿನಲ್ಲಿರುತ್ತಿರಲಿಲ್ಲ.

"ಕೀಲಿ ಹಾಕಿತ್ತು ಅಂದ್ರ ಮಾಯಕ್ಕ ಒಳಗ ಹೆಂಗ ಹೋದ್ಲು?"

ಈಗ ನಾಗಲಿಂಗ ಮೊದಲ ಸಲ ಅವಳ ಕಣ್ಣು ತಪ್ಪಿಸಿದ.

"ಹೇಳ್ರಿ."

"ಹೇಳಿದ್ರ ನಾನ ಉಳಕೊಳ್ಳಾಕ ಇನ್ನೊಬ್ಬರ ಮ್ಯಾಲೆ ಹಾಕಿದ್ನಿ ಅಂತೀರಿ."

"ಅನ್ನೂದಿಲ್ಲ. ಅನ್ನಾಕ ಶಕ್ತಿನೂ ಇಲ್ಲ ನನಗ."

ಅವನು ಗಂಟಲು ಸರಿಮಾಡಿಕೊಂಡ. "ಅವತ್ತ ಮಧ್ಯಾಹ್ನ ಎರಡೂವರಿ ಇರಬೇಕು. ಇಲ್ಲೇ ಕುಂತಿದ್ನಿ. ಪಾರಿಶ್ವಾಡದ ಕಡಿಂದ ಒಂದು ಆಟೋ ಬಂತು. ಒಬ್ಬ ಬಾಯಾರು ಇಳದ್ರು. ಊರಾಕಿ ಅಲ್ಲ, ಪ್ಯಾಟಿಯಾಕಿ. ಮಾಯಕ್ಕ ಬಾಗಲದಾಗ ಆಕಿ ದಾರಿನ ನೋಡ್ಕೋತ ನಿಂತಿದ್ಲು. ಆ ಬಾಯಾರು ಪರ್ಸಿನ್ಯಾಗಿಂದ ಚಾವಿ ತಗದು ಕೀಲಿ ತೆರದ್ರು. ನಾ ಒದರಬೇಕು ಅನ್ನೂದ್ರಾಗ ಹಾಲಿನ ಗಾಡಿ ಬಂತು, ನಡುವ ನಿಂತಿತು. ಆಮ್ಯಾಲೆ ಸಪ್ಪಳ ಕೇಳ್ತು."

"ಓಡಿ ಹೋದ್ರಿ?"

"ಹೋದ್ನಿ. ಧೂಳ ಇಳದ ಮ್ಯಾಲೆ ನೋಡಿದ್ರ ಶ್ರೇಣಿಕ ಸಾಹೇಬ್ರು ಬರಿಗೈಲೆ ಕಾಂಕ್ರೀಟ್ ಎತ್ತಾಕತ್ತಿದ್ರು. ಕೈತುಂಬ ರಕ್ತ. ಅವರು ಯಾವಾಗ ಬಂದ್ರು, ಎಲ್ಲಿಂದ ಬಂದ್ರು, ದೇವರಾಣಿ ನನಗ ತಿಳೀಲಿಲ್ಲ. ಮುಂಜಾನಿಂದ ಇಲ್ಲೇ ಕುಂತಿದ್ದಾವ ನಾನು. ಹತ್ತು ಗಂಟೇಕ ಒಂದು ತಾಸು ಪಂಪ್ ಚಾಲೂ ಮಾಡಾಕ ಹೊಲಕ್ಕ ಹೋಗಿದ್ನಿ, ಅಷ್ಟ."

"ಆ ಬಾಯಾರು?"

"ಇರಲಿಲ್ರಿ. ಆಟೋನೂ ಇರಲಿಲ್ಲ."

ರತ್ನಮಾಲಾ ಮೊಬೈಲ್ ತೆಗೆದಳು. ಏನನ್ನು ತೋರಿಸಲಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು. ಬೇರೆ ಯಾರ ಮುಖವಾದರೂ ಹೊಳೆಯಲಿ ಎಂದು ಅರೆಗಳಿಗೆ ಕಾದಳು. ಹೊಳೆಯಲಿಲ್ಲ. ಅನುಜಾಳ ವಾಟ್ಸಾಪ್ ಚಿತ್ರವನ್ನು ದೊಡ್ಡದು ಮಾಡಿ ಅವನ ಮುಂದೆ ಹಿಡಿದಳು.

ನಾಗಲಿಂಗ ತಲೆಯಾಡಿಸಿದ. "ಇವರ ರೀ."

ಪಾರಿಶ್ವಾಡಕ್ಕೆ ಆಟೋ, ಅಲ್ಲಿಂದ ಖಾನಾಪುರಕ್ಕೆ ಬಸ್ಸು, ಖಾನಾಪುರದಿಂದ ಬೆಳಗಾವಿಗೆ ಇನ್ನೊಂದು ಬಸ್ಸು. ಎರಡನೇ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ರತ್ನಮಾಲಾ ಕಣ್ಣು ಮುಚ್ಚಿದಳು, ನಿದ್ದೆ ಬರಲಿಲ್ಲ.

ಸುಳ್ಳು ಹೇಳುವ ಕಕ್ಷಿದಾರರು ಅವಳಿಗೆ ಹೊಸಬರಲ್ಲ. ಆದರೆ ಅನುಜಾ ತಾಸುಗಟ್ಟಲೆ ಎದುರಿಗೆ ಕೂತು, ಎಲ್ಲ ಕಾಗದಗಳನ್ನೂ ತಾರೀಖಿನ ಪ್ರಕಾರ ಜೋಡಿಸಿಕೊಟ್ಟಿದ್ದಳು. ಮೊಣಕಾಲಿಗೆಂದು ಎಣ್ಣೆ ತಂದುಕೊಟ್ಟಿದ್ದಳು. ಆ ಹುಡುಗಿ ತನಗೆ ಇಷ್ಟವಾಗಿದ್ದಾಳೆ ಎಂಬುದು ಬಸ್ಸು ದೇಸೂರು ದಾಟುವಾಗ ರತ್ನಮಾಲಾಳಿಗೆ ಹೊಳೆಯಿತು. ಅದೇ ಹೆಚ್ಚು ಆಯಾಸ ತಂದಿತು.

ಅನುಜಾಳ ಮನೆ ರಾಮತೀರ್ಥ ನಗರದಲ್ಲೇ, ಎರಡು ಅಡ್ಡರಸ್ತೆ ಆಚೆ. ಅವಳು ಶಾಲೆಯ ಕೆಲಸದಿಂದ ಬಂದು ಸೀರೆಯನ್ನೂ ಬದಲಿಸಿರಲಿಲ್ಲ.

"ಬರ್ರಿ ಅಕ್ಕಾ. ಹೊತ್ತು ಮುಳಗಾಕ ಇನ್ನಾ ಇಪ್ಪತ್ತು ಮಿನಿಟ್ ಐತಿ. ಮೊದಲ ಉಣ್ರಿ, ಆಮ್ಯಾಲೆ ಮಾತಾಡೂಣು." ಜೈನರ ಚಾತುರ್ಮಾಸ ನಡೆದಿತ್ತು, ಹೊತ್ತು ಮುಳುಗಿದ ಮೇಲೆ ಅವಳು ಉಣ್ಣುವಂತಿರಲಿಲ್ಲ. ಅವಳು ಒಳಗೆ ಹೋಗಿ ಎರಡು ತಟ್ಟೆ ಹಾಕಿದಳು. ರೊಟ್ಟಿ, ಹೆಸರುಕಾಳಿನ ಪಲ್ಯ.

ರತ್ನಮಾಲಾ ಕೈ ತೊಳೆದು ಬಂದು ಕೂತಳು. ತಟ್ಟೆ ಮುಟ್ಟಲಿಲ್ಲ.

"ಎರಡನೇ ಚಾವಿ ಎಲ್ಲೈತಿ ಅನುಜಾ?"

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. ಅನುಜಾ ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ಸರಿಸಿದಳು.

"ಮಲಪ್ರಭಾ ಹೊಳಿಯಾಗ. ಖಾನಾಪುರದ ಪೂಲಿನ ಮ್ಯಾಲಿಂದ ಒಗದ್ನಿ."

"ಯಾಕ ತೆರದಿ ಆ ಬಾಗಲಾ?"

"ಅವರು ಒಳಗಿದ್ರು ಅಕ್ಕಾ."

"ಯಾರು?"

"ನಮ್ಮವರು."

ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು.

"ಹತ್ತೂವರಿಗೆ ಬಸ್ಸಿಳಿದು ಸ್ಲ್ಯಾಬ್ ಬಿರುಕು ಅಳಿಯಾಕ ಹೋಗಿದ್ರು," ಅನುಜಾ ಹೇಳತೊಡಗಿದಳು. ದನಿಯಲ್ಲಿ ಏರಿಳಿತ ಇರಲಿಲ್ಲ. ಇದನ್ನು ಮನಸ್ಸಿನಲ್ಲೇ ನೂರು ಸಲ ಹೇಳಿಕೊಂಡವಳಂತಿದ್ದಳು. "ಚಾವಿ ಕೀಲಿಯೊಳಗ ಬಿಟ್ಟು ಒಳಗ ಹೋಗ್ಯಾರ. ಹಿಂದಿಂದ ಯಾರೋ ಬಾಗಲಾ ಎಳದು ಕೀಲಿ ಒತ್ತಿ, ಚಾವಿ ತಗೊಂಡು ಹೋಗ್ಯಾರ. ಮೊಬೈಲ್ ಚಾರ್ಜ್ ಇರಲಿಲ್ಲ. ಹನ್ನೆರಡಕ್ಕ ಮಾಯಕ್ಕ ಅಂಗಳ ಕಸ ಹೊಡಿಯಾಕ ಬಂದಾಗ ಕಿಟಕಿಯಿಂದ ಕರದು ನನ್ನ ನಂಬರ್ ಕೊಟ್ರು."

"ಕೀಲಿ ಒಡಿಸಬೇಕಿತ್ತಲ್ಲ. ಊರ ಮಂದಿ ಇದ್ರು."

"ನಾನೂ ಆಕಿ ಫೋನಿನ್ಯಾಗ ಅವರಿಗೆ ಅದನ್ನ ಅಂದೆ. ಬಾಗಲಕ್ಕ ಸುತ್ತಿಗಿ ಹಾಕಿದ್ರ ಸ್ಲ್ಯಾಬ್ ಇಳೀತೈತಿ, ಮಂದಿ ಕೂಡಿದ್ರ ಒಳಗ ನುಗ್ತಾರ, ಯಾರಿಗೂ ಹೇಳಬ್ಯಾಡ, ಮನ್ಯಾಗಿನ ಎರಡನೇ ಚಾವಿ ತಗೊಂಡು ಬಾ ಅಂದ್ರು. ಸಾಲಿ ಬಿಟ್ಟು ಓಡಿದೆ. ತೆರದೆ. ಹೊರಗ ಬಂದ್ರು. ಮೂವರೂ ಅಂಗಳಕ್ಕ ಬಂದು ನಿಂತಿದ್ವಿ ಅಕ್ಕಾ. ಮೂವರೂ."

ರತ್ನಮಾಲಾ ನೀರಿನ ಲೋಟ ಅವಳ ಕಡೆ ಸರಿಸಿದಳು. ಅವಳು ಕುಡಿಯಲಿಲ್ಲ.

"ಆವಾಗ ಅವರಿಗೆ ಚೀಲದ ನೆನಪಾತು. ಪತ್ರದ ನಕಲು ಅದರಾಗಿತ್ತು, ಮುಟ್ಟೇತಿ ಅಂತ ಸಹಿ ಮಾಡಿಸಿಕೊಂಡಿದ್ದು. ತರಾಕಂತ ಹೊಳ್ಳಿದ್ರು. ಮಾಯಕ್ಕ, 'ನೀವು ನಿಂದ್ರಿ ಸಾಹೇಬ್ರ, ನಾ ತರ್ತೀನಿ' ಅಂದ್ಲು. ಅಷ್ಟಂದು ಓಡಿದ್ಲು. ದಿನಾ ಯಾರ್ಯಾರದೋ ಚೀಲ ತಂದು ಕೊಟ್ಟು ರೂಢಿ ಆಕಿಗೆ."

ಕಿಟಕಿಯ ಹೊರಗೆ ಬೆಳಕು ಇಳಿಯುತ್ತಿತ್ತು. ರೊಟ್ಟಿ ಹಾಗೇ ಇತ್ತು.

"ನೀ ಹೋಗು, ನೀ ಇಲ್ಲೆ ಬಂದೇ ಇಲ್ಲ ಅಂದ್ರು. ಆಟೋದವ ಹೆದರಿ ಹೊಂಟೇ ಬಿಟ್ಟಿದ್ದ, ಅವನ ಹಿಂದ ಓಡಿ ಹತ್ತಿದೆ. ಅವತ್ತಿಂದ ಆಕಿ ಜೀವಕ್ಕ ನಾನ ಜವಾಬ್ದಾರ ಅಂತ ಸುಮ್ನ ಕುಂತಾರ. ಹಿಂಗ ಕುಂತ್ರ ಆಕಿ ಎದ್ದು ಬರ್ತಾಳಂತ ತಿಳಕೊಂಡಾರೇನೋ."

ಪಂಚನಾಮೆ ರತ್ನಮಾಲಾಳಿಗೆ ಬಾಯಿಪಾಠವಾಗಿತ್ತು. ಒಂದು ಜೊತೆ ಚಪ್ಪಲಿ, ಒಂದು ಕಸಬರಿಗೆ, ಒಡೆದ ಕುರ್ಚಿ ಎರಡು. ಚೀಲ ಇರಲಿಲ್ಲ. ಪೊಲೀಸರಿಗಿಂತ ಮೊದಲು ಯಾರೋ ಅದನ್ನು ಎತ್ತಿಕೊಂಡಿದ್ದರು.

"ಒಳಗ ಹಾಕಿ ಕೀಲಿ ಒತ್ತಿದವರು ಯಾರು? ನಾಗಲಿಂಗನ?"

"ಅಲ್ಲ. ಅದೊಂದ ಮಾತು ಹೇಳ್ಯಾರ, ನಾಗಲಿಂಗ ಅಲ್ಲ ಅಂತ. ಕಿಟಕ್ಯಾಗ ಬೆನ್ನು ಕಂಡಿತ್ತಂತ. ಹೆಸರು ಹೇಳವಲ್ರು."

"ನಾನ ಹೋಗಿ ಕೇಳ್ತೀನಿ. ನಾಳೆ ಭೇಟಿಗೆ ಬರದು ಹಾಕು."

"ನಿಮ್ಮನ್ನ ಭೇಟಿ ಆಗೂದಿಲ್ರಿ ಅವರು."

ರತ್ನಮಾಲಾ ತಲೆಯೆತ್ತಿದಳು.

"ಹೋದ ತಿಂಗಳು ಮೂರು ಹೆಸರು ಬರಕೊಂಡು ಜೈಲಿಗೆ ಹೋಗಿದ್ದೆ," ಅನುಜಾ ಹೇಳಿದಳು. "ವಿಚಾರಣೆಗೆ ಯಾರನ್ನ ಹಿಡಿಯೂಣು ಅಂತ ಕೇಳಾಕ. ಎರಡು ಹೆಸರಿಗೆ ನೆಲಾ ನೋಡ್ಕೋತ ಕುಂತಿದ್ರು. ನಿಮ್ಮ ಹೆಸರು ಓದಿದೆ. ಎದ್ದು ನಿಂತು ನಡುವಿನ ತಂತಿ ಜಾಳಗಿ ಹಿಡಕೊಂಡ್ರು. 'ಯಾರನ್ನ ಬೇಕಾದ್ರೂ ಕೇಳು, ರತ್ನಮಾಲಾ ಬಾಯಾರನ್ನ ಮಾತ್ರ ಇದರಾಗ ತರಬ್ಯಾಡ' ಅಂದ್ರು."

"ನಾ ಅವರ ಮುಖ ಸೈತ ನೋಡಿಲ್ಲ ಅನುಜಾ."

"ನೀವು ನೋಡಿಲ್ಲ. ಆದ್ರ ನೀವು ಯಾರ್ಯಾರಿಗೆ ಬೇಕಾದವರು ಅನ್ನೂದು ಅವರಿಗೆ ಗೊತ್ತೈತಿ. ಕಿಟಕ್ಯಾಗ ಕಂಡ ಬೆನ್ನು ಅವರೊಳಗ ಒಬ್ಬರದ ಇರಬೇಕು."

ಹೊತ್ತು ಮುಳುಗಿತು. ಇಬ್ಬರೂ ತಟ್ಟೆಯ ಕಡೆ ನೋಡಲಿಲ್ಲ.

"ಗಂಡ ಬ್ಯಾಡಂದ ಮ್ಯಾಲೂ," ರತ್ನಮಾಲಾಳ ದನಿ ತನಗೇ ದೂರದಿಂದ ಬಂದಂತೆ ಕೇಳಿಸಿತು, "ಹುಡುಕ್ಕೋತ ನನ್ನ ಮನಿಗೆ ಯಾಕ ಬಂದಿ?"

ಅನುಜಾ ಈಗ ನೇರವಾಗಿ ಅವಳ ಮುಖ ನೋಡಿದಳು. ಮೂರು ವಾರದಲ್ಲಿ ಒಮ್ಮೆಯೂ ಹಾಗೆ ನೋಡಿರಲಿಲ್ಲ.

"ಅದಕ್ಕ ಬಂದೆ ಅಕ್ಕಾ."